ಕೋಣೆಯಮ್ಮ ಬಾಗಿಲು ನೋಡದ ದಿನ

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಅವಳಿಗೆ ಕೋಣೆಯಮ್ಮ ಎಂದೇ ಹೆಸರು ಬಿದ್ದಿತ್ತು. ಎದುರಿಗೇ ಹಾಗೆ ಕರೆದರೂ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗುತ್ತಿದ್ದಳು. ಅಲ್ಲಿಯ ಕಂಪ್ಯೂಟರುಗಳೆಲ್ಲ ಅವಳ ಜವಾಬ್ದಾರಿ. ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಪ್ರತ್ಯೇಕ ಕೋಣೆ ಇರಬೇಕು, ಒಂದರ ಸಾಮಾನು ಇನ್ನೊಂದರೊಳಗೆ ಕಾಲಿಡಕೂಡದು ಎನ್ನುವುದು ಅವಳ ಹಠ. ಯಾಕೆ ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು, ಅವರ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ.

"ನಿಮ್ಮ ಕನ್ನಡಕ ನನಗೆ ಆಗುತ್ತಾ? ನನ್ನದು ನಿಮಗೆ ಆಗುತ್ತಾ? ಇದೂ ಹಾಗೇನೇ," ಎಂದು ಶುರು ಮಾಡುತ್ತಿದ್ದಳು. ಯಾವ ಪ್ರೋಗ್ರಾಮೂ ಒಂಟಿಯಾಗಿ ದುಡಿಯುವುದಿಲ್ಲ. ಎಲ್ಲೋ ಕುಳಿತ ಯಾರೋ ಬರೆದಿಟ್ಟ ಹತ್ತಾರು ಉಪಕರಣಗಳನ್ನು ಎರವಲು ತಂದುಕೊಂಡಿರುತ್ತದೆ. ಆ ಪುಣ್ಯಾತ್ಮರು ಸುಮ್ಮನಿರುವವರಲ್ಲ, ವರ್ಷಕ್ಕೆ ನಾಲ್ಕು ಸಲ ತಮ್ಮ ಉಪಕರಣವನ್ನು ತಿದ್ದಿ ಹೊಸ ಆವೃತ್ತಿ ಬಿಡುತ್ತಾರೆ. ಒಂದು ಪ್ರೋಗ್ರಾಮಿಗೆ ಹಳೆಯದೇ ಬೇಕು, ಇನ್ನೊಂದಕ್ಕೆ ಹೊಸದೇ ಆಗಬೇಕು. ಎರಡನ್ನೂ ಒಂದೇ ಕಡೆ ಇಟ್ಟರೆ ಹೊಸದು ಬಂದು ಹಳೆಯದನ್ನು ಹೊರಗೆ ಹಾಕುತ್ತದೆ. ಆಗ ಹಳೆಯ ಪ್ರೋಗ್ರಾಂ ಕೆಟ್ಟು ನಿಂತರೆ ನಮ್ಮ ಅದೃಷ್ಟ. ನಿಲ್ಲದೆ, ಎಂದಿನಂತೆ ಓಡುತ್ತಲೇ ಬೇರೆ ಉತ್ತರ ಕೊಡಲು ಶುರು ಮಾಡಿದರೆ ಅದನ್ನು ಹಿಡಿಯುವವರು ಯಾರು? ಅದಕ್ಕೇ ಕೋಣೆ. ಕಪ್ಪು ಪರದೆಯ ಮೇಲೆ ಪ್ರತಿ ಸಾಲಿನ ಆರಂಭದಲ್ಲೂ ನೀವು ಯಾವ ಕೋಣೆಯಲ್ಲಿದ್ದೀರಿ ಎಂದು ಕಂಪ್ಯೂಟರೇ ಬರೆದು ತೋರಿಸುತ್ತದೆ. "ಬಾಗಿಲ ಮೇಲಿನ ಹೆಸರು ನೋಡದೆ ಒಂದಕ್ಷರ ಒತ್ತಬೇಡಿ," ಎಂದು ಅವಳು ಎಲ್ಲರಿಗೂ ತಾಕೀತು ಮಾಡಿದ್ದಳು.

ಅದೇ ಕಾರ್ಯಾಗಾರದಲ್ಲಿ ಅವಳ ಮಾವ, ಅಂದರೆ ಗಂಡನ ತಂದೆ, ಮೂವತ್ತೊಂದು ವರ್ಷದಿಂದ ಅಚ್ಚಿನ ಮೇಸ್ತ್ರಿ. ಅವಳನ್ನು ಅಲ್ಲಿಗೆ ಸೇರಿಸಿದವರೂ ಅವರೇ. ಗಂಡ ರೈಲು ಓಡಿಸುವವನು, ವಾರದಲ್ಲಿ ನಾಲ್ಕು ದಿನ ಹೊರಗೆ. ಹೀಗಾಗಿ ಬೆಳಿಗ್ಗೆ ಸೊಸೆ ಸ್ಕೂಟರು ಓಡಿಸುವುದು, ಮಾವ ಅವಳ ಭುಜದ ಮೇಲೆ ಕೈಯಿಟ್ಟು ಹಿಂದೆ ಕೂರುವುದು, ಸಂಜೆ ಹಾಗೆಯೇ ಇಬ್ಬರೂ ಮರಳುವುದು ಆರು ವರ್ಷದಿಂದ ನಡೆದುಬಂದಿತ್ತು.

ಮೇಸ್ತ್ರಿಯ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಕಾಲು ಕಳೆದುಕೊಂಡವರು ಬಂದರೆ, ಉಳಿದ ಭಾಗದ ಅಳತೆಯನ್ನು ಸ್ಕ್ಯಾನರು ತೆಗೆದುಕೊಳ್ಳುತ್ತದೆ. ಅವಳ ಪ್ರೋಗ್ರಾಂ ಆ ಅಳತೆಯನ್ನು ತಿದ್ದಿ ಕೊರೆಯುವ ಯಂತ್ರಕ್ಕೆ ಕಳಿಸುತ್ತದೆ. ಯಂತ್ರ ಗಟ್ಟಿ ಫೋಮಿನಲ್ಲಿ ಅಚ್ಚು ಕೊರೆಯುತ್ತದೆ. ಮೇಸ್ತ್ರಿ ಆ ಅಚ್ಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಟ್ಟಲು ಮಾಡುತ್ತಾರೆ. ಕಾಲು ಕೂರುವುದು ಆ ಬಟ್ಟಲಲ್ಲಿ. ಮೂಳೆ ಎಲ್ಲಿ ಚರ್ಮಕ್ಕೆ ಹತ್ತಿರವಿದೆಯೋ ಅಲ್ಲಿ ಅಚ್ಚಿನ ಮೇಲೆ ನಾಲ್ಕು ಮಿಲಿಮೀಟರಿನ ಸಣ್ಣ ಉಬ್ಬು ಇರಬೇಕು. ಉಬ್ಬಿದ್ದರೆ ಬಟ್ಟಲಲ್ಲಿ ಮೂಳೆಗೆ ಅಷ್ಟು ಜಾಗ ಸಿಗುತ್ತದೆ. ಉಬ್ಬು ತಗ್ಗಿದರೆ ಮೂಳೆ ಪ್ಲಾಸ್ಟಿಕ್ಕಿಗೆ ಒತ್ತಿ ನಾಲ್ಕೇ ದಿನಕ್ಕೆ ಹುಣ್ಣು. ಸುತ್ತಲೂ ನುಣುಪು ಮಾಡುತ್ತ ಆ ಉಬ್ಬನ್ನು ಮಾತ್ರ ಉಳಿಸುವುದರಲ್ಲೇ ಮೇಸ್ತ್ರಿಯ ಕಸುಬೆಲ್ಲ ಇತ್ತು.

ಮೊದಲೆಲ್ಲ ಅವರು ಯಂತ್ರದಿಂದ ಅಚ್ಚು ಹೊರಗೆ ಬಂದ ಕೂಡಲೇ ಕ್ಯಾಲಿಪರ್ ಹಿಡಿದು ಅಳೆಯುತ್ತಿದ್ದರು. "ಮಾವ, ಯಂತ್ರ ಅಳೆದೇ ಕೊರೆದಿರುತ್ತೆ. ಅದನ್ನ ಮತ್ತೆ ಅಳೀತಾ ಕೂತ್ರೆ ವಾರಕ್ಕೆ ಒಂದು ಕಾಲು ಕಡಿಮೆ ಆಗುತ್ತೆ," ಎಂದು ಆ ಅಭ್ಯಾಸ ಬಿಡಿಸಿದವಳು ಅವಳೇ. ಸೊಸೆ ಓದಿದವಳು, ಅವಳ ಮಾತನ್ನು ಅವರು ಮೀರಿದವರಲ್ಲ.

ಇನ್ನು ಆ ಮಂಗಳವಾರದ ಮಾತು. ಮರುದಿನ ನಾಲ್ಕು ಊರಿನ ಕಾರ್ಯಾಗಾರಗಳವರು ಬರುವವರಿದ್ದರು. ಅವರ ಮುಂದೆ ಕೋಣೆಯಮ್ಮ ತನ್ನ ಕೋಣೆಗಳ ಬಗ್ಗೆ ಮಾತಾಡಬೇಕು. ಮಧ್ಯಾಹ್ನ ಮೂರು ಗಂಟೆ. ಮಾತಿನ ಜೊತೆಗೆ ತೋರಿಸಲು ಒಂದು ಚಂದದ ಬಣ್ಣದ ನಕ್ಷೆ ಬೇಕೆನಿಸಿತು. ನಕ್ಷೆ ಬರೆಯುವ ಹೊಸ ಉಪಕರಣ ತರಿಸಿಕೊಳ್ಳಬೇಕು, ಅದಕ್ಕೆ ಹೊಸ ಕೋಣೆ ಕಟ್ಟಬೇಕು. ಕಟ್ಟಲು ಎರಡು ನಿಮಿಷ ಸಾಕು. ಕಟ್ಟಿದೆನೆಂದೇ ಅವಳು ತಿಳಿದಿದ್ದಳು. ಆದರೆ ಪರದೆಯ ಮೇಲೆ ಎರಡು ಕಿಟಕಿ ತೆರೆದಿದ್ದವು, ಬೆಳಿಗ್ಗೆ ಅಚ್ಚಿನ ಪ್ರೋಗ್ರಾಮಿಗೆಂದು ತೆರೆದದ್ದೊಂದು, ಈಗಿನದೊಂದು. ಬಾಗಿಲ ಮೇಲಿನ ಹೆಸರು ನೋಡದೆ ಅವಳು ಬೆಳಗಿನ ಕಿಟಕಿಯಲ್ಲೇ ಅಪ್ಪಣೆ ಬರೆದು ಗುಂಡಿ ಒತ್ತಿ, ಚಹಾ ತರಲು ಎದ್ದು ಹೋದಳು. ಹೊಸ ಉಪಕರಣ ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಅಚ್ಚಿನ ಕೋಣೆಗೆ ನುಗ್ಗಿತು. ಅಲ್ಲಿದ್ದ ಒಂದು ಹಳೆಯ ಉಪಕರಣವನ್ನು ತೆಗೆದು ಅದರದೇ ಹೊಸ ಆವೃತ್ತಿಯನ್ನು ಕೂರಿಸಿತು. ಹಾಗೆ ಮಾಡಿದ್ದೇನೆಂದು ಇಪ್ಪತ್ತು ಸಾಲುಗಳ ನಡುವೆ ಒಂದು ಸಾಲಿನಲ್ಲಿ ಬರೆದು ತಿಳಿಸಿಯೂ ತಿಳಿಸಿತು. ಚಹಾ ಹಿಡಿದು ಬಂದವಳು ಕೊನೆಯ ಸಾಲು ಮಾತ್ರ ಓದಿ, ಎಲ್ಲ ಸರಿಹೋಯಿತೆಂದು ಕಿಟಕಿ ಮುಚ್ಚಿದಳು.

ಬೇರೆಯವರು ಅದೇ ತಪ್ಪು ಮಾಡಿದ್ದರೆ ಅವಳು ವಾರವಿಡೀ ಪಾಠ ಹೇಳುತ್ತಿದ್ದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ಬುಧವಾರದ ಮಾತು ಭರ್ಜರಿಯಾಗಿ ನಡೆಯಿತು. ಬಣ್ಣದ ನಕ್ಷೆ ನೋಡಿ ಜನ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಕುಳಿತ ಮೇಸ್ತ್ರಿಗೆ ಅದರಲ್ಲಿ ಕಾಲು ಭಾಗವೂ ಅರ್ಥವಾಗಿರಲಿಕ್ಕಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. "ನಮ್ಮ ಸೊಸೆ," ಎಂದು ಅಕ್ಕಪಕ್ಕದವರು ಕೇಳದಿದ್ದರೂ ಹೇಳಿದರು.

ಎರಡು ವಾರ ಕಳೆದ ಮೇಲೆ ಒಂದು ದಿನ ಊಟಕ್ಕೆ ಕುಳಿತಾಗ ಮಾವ ತಟ್ಟೆಯಲ್ಲೇ ಕೈಯಿಟ್ಟುಕೊಂಡು ಯೋಚಿಸುತ್ತಿದ್ದರು.

"ಯಾಕೋ ಕಣಮ್ಮ, ಈಚೆಗೆ ಉಬ್ಬು ಸ್ವಲ್ಪ ತಗ್ಗಿದ ಹಾಗೆ ಕಾಣುತ್ತೆ. ಉಜ್ಜೋಕೆ ಮುಂಚೇನೇ. ಹೆಬ್ಬೆರಳಿಗೆ ಸಿಗಬೇಕಾದಷ್ಟು ಸಿಗ್ತಿಲ್ಲ."

ಅವಳು ಮೊಬೈಲಿನಿಂದ ತಲೆಯೆತ್ತಲಿಲ್ಲ. "ಯಂತ್ರ ಬದಲಾಗಲ್ಲ ಮಾವ. ನಿಮ್ಮ ಕೈಗೆ ಹಾಗನ್ನಿಸ್ತಿರಬಹುದು. ಬೆರಳಿನ ಸ್ಪರ್ಶ ವಯಸ್ಸಾದ ಹಾಗೆ ಸ್ವಲ್ಪ ಮಂದ ಆಗುತ್ತಂತೆ."

"ಇರಬಹುದು," ಎಂದರು ಮಾವ. ಅತ್ತೆ ನಕ್ಕು, "ನನ್ನ ಕೈ ಹಿಡಿಯೋವಾಗ್ಲೇ ಆ ಕೈ ನಡುಗ್ತಿತ್ತು, ಈಗೇನು ಹೊಸದು," ಎಂದರು. ಮೂವರೂ ನಕ್ಕರು, ಊಟ ಮುಗಿಯಿತು.

ಆಮೇಲೆ ಒಂದೊಂದಾಗಿ ಕಾಲುಗಳು ವಾಪಸು ಬರತೊಡಗಿದವು. ಮೊದಲು ನಿವೃತ್ತ ಬಸ್ ಚಾಲಕನೊಬ್ಬ, ಆಮೇಲೆ ಹೂವಿನಂಗಡಿಯ ಹೆಂಗಸು, ಆಮೇಲೆ ಒಬ್ಬ ಕ್ಷೌರಿಕ. ಮೂವರಿಗೂ ಮೊಣಕಾಲ ಕೆಳಗೆ ಒಂದೇ ಜಾಗದಲ್ಲಿ ಹುಣ್ಣು. ಕಾರ್ಯಾಗಾರದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಕಪಾಟಿನಿಂದ ಮೂರೂ ಅಚ್ಚು ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಉಬ್ಬಿನ ಜಾಗ ನುಣ್ಣಗೆ, ಉಜ್ಜಿ ಉಜ್ಜಿ ಸವೆಸಿದಂತೆ ತಗ್ಗಿತ್ತು. ನೋಡಿದವರು ಯಾರೇ ಆದರೂ ಇದು ಅರದ ಕೆಲಸ ಎನ್ನುತ್ತಿದ್ದರು.

"ಮೇಸ್ತ್ರಿಗಳೇ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಕೈ ಹಗುರ ಮಾಡಿ," ಎಂದರು ದೊಡ್ಡ ಮೇಡಂ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಮನೆಯಲ್ಲಿ ಮಾವ ಹಳೆಯ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲು ಹಿಡಿದು ಗೆರೆ ಎಳೆಯುವುದನ್ನು ಶುರು ಮಾಡಿದರು. ಗೆರೆ ನೆಟ್ಟಗೇ ಬರುತ್ತಿತ್ತು. ಬಂದರೂ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಕನ್ನಡಕ ಏರಿಸಿ ಮತ್ತೆ ನೋಡುತ್ತಿದ್ದರು. ಅತ್ತೆ ಅವರ ಬೆರಳುಗಳಿಗೆ ಬಿಸಿ ಎಣ್ಣೆ ತಿಕ್ಕಿದರು. ವೈದ್ಯರು ನೋಡಿ ಏನೂ ತೊಂದರೆಯಿಲ್ಲ ಎಂದರು. ಏನೂ ಇಲ್ಲ ಎಂದ ಮೇಲೆ ಇದು ವಯಸ್ಸೇ ಇರಬೇಕು, ವಯಸ್ಸಿಗೆ ಮದ್ದೆಲ್ಲಿದೆ ಎಂದು ಅವರು ತೀರ್ಮಾನಿಸಿಕೊಂಡರು. ಒಂದು ಬುಧವಾರ ಬೆಳಿಗ್ಗೆ ಯಾರನ್ನೂ ಕೇಳದೆ ಹೋಗಿ ತಮ್ಮ ಅರಗಳನ್ನು ದೊಡ್ಡ ಮೇಡಂ ಮೇಜಿನ ಮೇಲಿಟ್ಟರು. ಕಾಲು ಬಿಗಿಯುವ ಪಟ್ಟಿ ಹೊಲಿಯುವ ಹೆಂಗಸಿಗೆ ಕೈ ಚುರುಕು, ಅವಳಿಗೆ ಕಲಿಸುತ್ತೇನೆ, ನನಗೆ ಪಟ್ಟಿಗೆ ಬಕಲು ಹಾಕುವ ಕೆಲಸ ಕೊಡಿ ಎಂದರು.

ಮರುದಿನವೇ, ಗುರುವಾರ, ಅವಳಿಗೆ ಸತ್ಯ ಗೊತ್ತಾಯಿತು. ಎರಡನೆಯ ಕೊರೆಯುವ ಯಂತ್ರಕ್ಕೆಂದು ಹೊಸ ಕಂಪ್ಯೂಟರು ಬಂದಿತ್ತು. ಯಾವ ಉಪಕರಣ, ಯಾವ ಆವೃತ್ತಿ ಎಂದು ತಾನೇ ಬರೆದಿಟ್ಟ ಪಟ್ಟಿಯನ್ನು ನೋಡಿಕೊಂಡು ಅವಳು ಅದರಲ್ಲಿ ಅಚ್ಚಿನ ಪ್ರೋಗ್ರಾಮಿಗೊಂದು ಕೋಣೆ ಕಟ್ಟಿದಳು. ಪರೀಕ್ಷೆಗೆಂದು ಬಸ್ ಚಾಲಕನ ಅಳತೆಯನ್ನು ಕೊಟ್ಟು ನೋಡಿದಳು. ಹಳೆಯ ಕಂಪ್ಯೂಟರಿನ ಉತ್ತರಕ್ಕೂ ಹೊಸದರ ಉತ್ತರಕ್ಕೂ ತಾಳೆಯಾಗಲಿಲ್ಲ. ಹೊಸದರಲ್ಲಿ ಉಬ್ಬು ನಾಲ್ಕು ಮಿಲಿಮೀಟರು. ಹಳೆಯದರಲ್ಲಿ ಒಂದೂವರೆ.

ಹಳೆಯ ಕೋಣೆಯೊಳಗೆ ಹೋಗಿ ಒಂದೊಂದೇ ಉಪಕರಣದ ಆವೃತ್ತಿ ನೋಡುತ್ತ ಬಂದಳು. ಮೇಲ್ಮೈಯನ್ನು ಲೆಕ್ಕ ಹಾಕುವ ಉಪಕರಣ ಹೊಸದಾಗಿತ್ತು. ಹಳೆಯ ಆವೃತ್ತಿ ಹೇಳಿದರೆ ಮಾತ್ರ ನುಣುಪು ಮಾಡುತ್ತಿತ್ತು. ಹೊಸದು ಬೇಡವೆಂದು ಹೇಳದಿದ್ದರೆ ತಾನೇ ನುಣುಪು ಮಾಡುತ್ತಿತ್ತು. ಉಬ್ಬನ್ನು ಕಂಡು ಅದೇನೋ ಅಳತೆಯ ದೋಷವೆಂದು ತಟ್ಟಿ ತಗ್ಗಿಸುತ್ತಿತ್ತು. ಅದು ಕೋಣೆಗೆ ಬಂದ ದಿನ, ಮಂಗಳವಾರ. ಗಂಟೆ ಮೂರು ದಾಟಿ ಏಳು ನಿಮಿಷ. ಅದರ ಜೊತೆಗೇ ನಕ್ಷೆ ಬರೆಯುವ ಉಪಕರಣವೂ ಬಂದಿತ್ತು. ಮೇಸ್ತ್ರಿಯ ಕೈಗೆ ಬರುವ ಮೊದಲೇ ಉಬ್ಬು ತಗ್ಗಿತ್ತು. ಅವರ ಹೆಬ್ಬೆರಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಹತ್ತು ನಿಮಿಷದಲ್ಲಿ ಹಳೆಯ ಕೋಣೆಯನ್ನು ಕೆಡವಿ ಮೊದಲಿನಂತೆ ಕಟ್ಟಿದಳು. ಅಷ್ಟು ಸುಲಭ. ಆಮೇಲೆ ಎದ್ದು ದೊಡ್ಡ ಮೇಡಂ ಕೋಣೆಗೆ ಹೋದಳು. ಹೇಳಬೇಕೆಂದೇ ಹೋದಳು, ಅದರಲ್ಲಿ ಸುಳ್ಳಿಲ್ಲ.

"ಬನ್ನಿ ಬನ್ನಿ, ನಿಮ್ಮ ವಿಷಯಾನೇ ಮಾತಾಡ್ತಿದ್ದೆ," ಎಂದು ದೊಡ್ಡ ಮೇಡಂ ಫೋನು ಕೆಳಗಿಟ್ಟರು. "ನಿಮ್ಮ ಆವತ್ತಿನ ಮಾತು ಕೇಳಿದ್ರಲ್ಲ, ಅವರೆಲ್ಲ ತಮ್ಮಲ್ಲೂ ಇದೇ ಪದ್ಧತಿ ತರ್ತಾರಂತೆ. ಕಲಿಸೋಕೆ ನೀವೇ ಬೇಕಂತೆ. ಏನೋ ಹೇಳೋಕೆ ಬಂದ್ರಲ್ಲ?"

ಅವಳ ಬಾಯಿಂದ ಬಂದದ್ದು ಇಷ್ಟೇ: "ಈಚೆಗೆ ಕೊಟ್ಟ ಹದಿನಾಲ್ಕು ಕಾಲುಗಳಲ್ಲಿ ಉಬ್ಬು ತಗ್ಗಿರೋ ಹಾಗಿದೆ ಮೇಡಂ. ಎಲ್ಲರನ್ನೂ ಕರೆಸಿ ಬಟ್ಟಲು ಬದಲಾಯಿಸಿಕೊಡೋಣ."

"ಮೇಸ್ತ್ರಿಗಳ ಕೈಯದ್ದು ತಾನೆ? ಪಾಪ, ಅವರಾಗೇ ಬಿಟ್ಟರಲ್ಲ, ದೊಡ್ಡ ಮನಸ್ಸು. ಕರೆಸಿ. ಫಾರಂ ನೀವೇ ತುಂಬಿಬಿಡಿ."

ಫಾರಮ್ಮಿನಲ್ಲಿ ಕಾರಣ ಎಂಬ ಒಂದು ಸಾಲಿತ್ತು. ಹದಿನಾಲ್ಕು ಫಾರಂ, ಹದಿನಾಲ್ಕು ಸಲ ಕಾರಣ. ಅವಳು ಹದಿನಾಲ್ಕು ಸಲವೂ "ಕೈಕೆಲಸದಲ್ಲಿ ವ್ಯತ್ಯಾಸ" ಎಂದು ತನ್ನ ಗುಂಡಗಿನ ಅಕ್ಷರದಲ್ಲಿ ಬರೆದಳು. ಮೇಡಂ ಅಂದುಕೊಂಡಿರುವುದೇ ಅದು, ನಾನೇನು ಹೊಸದಾಗಿ ಹೇಳಿದ್ದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆರನೆಯ ಫಾರಂ ಹೊತ್ತಿಗೆ ಮುಖ ಬಿಸಿಯಾಗಿ ಕಿವಿ ಸುಡುತ್ತಿತ್ತು, ಆದರೂ ಹದಿನಾಲ್ಕೂ ಮುಗಿಸಿದಳು. ನಾಚಿಕೆಯಾದವರು ನಿಲ್ಲಿಸುತ್ತಾರೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅದೆಲ್ಲ ಹೇಳುವ ಮಾತು.

ಅವಳ ಲೆಕ್ಕಾಚಾರ ಬೇರೆಯೇ ಇತ್ತು. ಇನ್ನು ಮುಂದೆ ಅಚ್ಚು ಸರಿಯಾಗಿ ಬರುತ್ತದೆ. ಹುಣ್ಣು ನಿಲ್ಲುತ್ತದೆ. ಒಂದೆರಡು ತಿಂಗಳಲ್ಲಿ ಎಲ್ಲರೂ ಮರೆತು ಮಾವನ ಕೈಗೆ ಮತ್ತೆ ಅರ ಕೊಡುತ್ತಾರೆ. ಸುಮ್ಮನೆ ಯಾಕೆ ರಾದ್ಧಾಂತ?

ಆದದ್ದೇ ಬೇರೆ. ಸೋಮವಾರದಿಂದ ಪಟ್ಟಿ ಹೊಲಿಯುವ ಹೆಂಗಸು ಅರ ಹಿಡಿದಳು. ಅವಳ ಕೈಗೆ ಬಂದ ಅಚ್ಚುಗಳೆಲ್ಲ ನಾಲ್ಕು ಮಿಲಿಮೀಟರಿನ ಉಬ್ಬಿನೊಂದಿಗೇ ಬಂದವು. ಒಂದು ವಾರ, ಎರಡು ವಾರ, ಮೂರು ವಾರ. ಒಂದು ಕಾಲೂ ವಾಪಸು ಬರಲಿಲ್ಲ. ಶುಕ್ರವಾರದ ಸಭೆಯಲ್ಲಿ ದೊಡ್ಡ ಮೇಡಂ, "ಬದಲಾವಣೆ ಆದ್ಮೇಲೆ ಒಂದೂ ದೂರಿಲ್ಲ," ಎಂದು ಹೇಳಿ ಸಟ್ಟನೆ ಬೇರೆ ವಿಷಯಕ್ಕೆ ಹೋದರು. ಯಾರೂ ಮೇಸ್ತ್ರಿಯ ಕಡೆ ನೋಡಲಿಲ್ಲ. ನೋಡಬಾರದೆಂದೇ ಎಲ್ಲರೂ ಕಷ್ಟಪಟ್ಟು ಗೋಡೆ ನೋಡಿದರು. ಬಕಲುಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮೇಸ್ತ್ರಿ ಮಾತ್ರ, ಹೌದು, ಸರಿಯಾಗಿಯೇ ಹೇಳುತ್ತಿದ್ದೀರಿ ಎಂಬಂತೆ ತಲೆಯಾಡಿಸಿದರು.

ಅವಳಿಗೆ ಆಗ ಹೊಳೆಯಿತು. ಅವರು ಬಿಟ್ಟ ಮೇಲೆ ಹುಣ್ಣು ನಿಂತಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸಾಕ್ಷಿ ಹುಟ್ಟಿಸಿದವಳು ತಾನೇ. ಗುಟ್ಟಾಗಿ ಸರಿಮಾಡಿದ್ದರಿಂದಲೇ ತಪ್ಪು ಅವರದೇ ಎಂಬುದು ಖಾಯಂ ಆಗಿತ್ತು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನಿಸಿತು. ಆದರೂ ಉಳಿದವರ ಜೊತೆ ಅವಳೂ ಗೋಡೆಯನ್ನೇ ನೋಡಿದಳು.

ಅಂದು ಸಂಜೆ ಸ್ಕೂಟರಿನ ಹಿಂದೆ ಕುಳಿತು ಮಾವ ಹೇಳಿದರು: "ಭಾನುವಾರ ಬಿಡುವಿದೆಯಾ ನಿಂಗೆ? ಆ ಮೂರು ಜನರ ಮನೆಗೆ ಹೋಗಿ ಒಂದು ಮಾತು ಕ್ಷಮೆ ಕೇಳಿ ಬರಬೇಕು. ಬಕಲು ಹಾಕೋಕೆ ಕೂತ್ರೆ ಅವರೇ ಕಣ್ಮುಂದೆ ಬರ್ತಾರೆ. ಅಡ್ರೆಸ್ಸು ನಿನ್ನ ಹತ್ರ ಇದೆಯಲ್ಲ."

"ಬೇಡ ಮಾವ, ಯಾರೂ ಏನೂ ಅಂದುಕೊಂಡಿಲ್ಲ."

"ನಾನು ಅಂದುಕೊಂಡಿದೀನಲ್ಲಮ್ಮ."

ಭಾನುವಾರ ಮಧ್ಯಾಹ್ನ ಮೊದಲು ಬಸ್ ಚಾಲಕನ ಮನೆ. ಎರಡನೆಯ ಮಹಡಿ, ಮೆಟ್ಟಿಲ ಪಕ್ಕದ ಕಂಬಿಗೆ ಒದ್ದೆ ಟವೆಲು ಒಣಹಾಕಿತ್ತು. ಮಾವ ಕುರ್ಚಿಯಲ್ಲಿ ಕೂರಲಿಲ್ಲ, ನಿಂತುಕೊಂಡೇ, "ನನ್ನ ಕೈ ತಪ್ಪಿತು. ನಿಮಗೆ ನೋವಾಯ್ತು. ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ," ಎಂದರು. ದಪ್ಪ ಮೀಸೆಯ ಆ ಮನುಷ್ಯ ಜೋರಾಗಿ ನಕ್ಕುಬಿಟ್ಟ. "ನಾನೆಷ್ಟು ಕಂಬಕ್ಕೆ ಬಸ್ಸು ಗುದ್ದಿದೀನೋ ನಂಗೇ ನೆನಪಿಲ್ಲ ಸ್ವಾಮಿ. ಒಂದು ಕಂಬಾನೂ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿಲ್ಲ. ಹೋಗ್ಲಿ ಬಿಡಿ, ಈಗಿನ ಬಟ್ಟಲು ಹಾಯಾಗಿದೆ." ಮಾವನ ಮುಖ ಸ್ವಲ್ಪ ಹಗುರಾಯಿತು. ಅವಳು ಬಾಗಿಲ ಬಳಿ ನಿಂತು ಚಪ್ಪಲಿಗಳನ್ನು ನೋಡುತ್ತಿದ್ದಳು.

ಹೂವಿನಂಗಡಿಯ ಹೆಂಗಸು ಅಂಥವಳಲ್ಲ. ಬಕೆಟ್ಟುಗಳಿಗೆ ನೀರು ತುಂಬುತ್ತಿದ್ದವಳು ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. "ಎರಡು ವಾರ ಅಂಗಡಿ ತೆಗೀಲಿಲ್ಲ ನಾನು. ಹೂವು ಕಾಯುತ್ತಾ? ವಯಸ್ಸಾಯ್ತು ಅಂದ್ರೆ ಮೊದಲೇ ಬಿಟ್ಟುಬಿಡಬೇಕು. ಇನ್ನೊಬ್ಬರ ಕಾಲ ಮೇಲೆ ಕಲ್ಲು ಹಾಕೋದಲ್ಲ," ಎಂದಳು. ಮಾವ, "ನಿಜಾನಮ್ಮ," ಎಂದರು. ಮತ್ತೆ, "ನಿಜ," ಎಂದರು. ಪಕ್ಕದಲ್ಲೇ ನಿಂತ ಅವಳು, ಆ ಮಾತೆಲ್ಲ ತನಗೆ ಸೇರಬೇಕಾದದ್ದು ಎಂದು ಗೊತ್ತಿದ್ದೂ, ಒಂದು ಗೊಂಚಲು ಬಿಳಿ ಹೂವು ಕೊಂಡಳು. ಯಾಕೆ ಕೊಂಡಳೋ ಅವಳಿಗೇ ತಿಳಿಯದು. ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿದ ಆ ಹೂವನ್ನು ದಾರಿಯುದ್ದಕ್ಕೂ ಎಸೆದುಬಿಡಬೇಕೆನಿಸುತ್ತಿತ್ತು.

ಕ್ಷೌರಿಕನ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಒಂದು ಉದ್ದ ಕನ್ನಡಿ, ಗಿರಾಕಿಗಳು ಕಾಯಲು ಒಂದು ಬೆಂಚು. ಹೊತ್ತು ಇಳಿದಿತ್ತು, ಗಿರಾಕಿಗಳಿರಲಿಲ್ಲ. ಅವನು ತನ್ನ ಹೊಸ ಬಟ್ಟಲಿನ ಕಾಲಿನ ಮೇಲೆ ಭಾರ ಹಾಕಿ ನಿಂತು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಮಾವ ತಮ್ಮ ಮಾತು ಹೇಳಿ ಮುಗಿಸಿದರು. ಅವನು ಕತ್ತರಿ ಕೆಳಗಿಟ್ಟು, "ಕೂತ್ಕೊಳ್ಳಿ ಹಿರಿಯರೇ," ಎಂದು ಅವರನ್ನು ಗಿರಾಕಿಯ ಕುರ್ಚಿಯಲ್ಲೇ ಕೂರಿಸಿ, "ಎಲ್ಲಿ, ಕೈ ಕೊಡಿ," ಎಂದ.

ಮಾವನ ಬಲಗೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. ಹೆಬ್ಬೆರಳನ್ನು ಒತ್ತಿದ. ಹಳೆಯ ಕತ್ತಿಯೊಂದನ್ನು ಅವರ ಕೈಗೆ ಕೊಟ್ಟು, ತನ್ನ ಮುಂಗೈಯನ್ನು ಮುಂದೆ ಚಾಚಿ, "ಇಲ್ಲಿನ ಕೂದಲು ತೆಗೀರಿ ನೋಡೋಣ," ಎಂದ. ಮಾವ ಬೇಡವೆಂದರೂ ಬಿಡಲಿಲ್ಲ. ಕತ್ತಿ ಒಂದು ಸಲ ಮೃದುವಾಗಿ ಜಾರಿತು, ಕೂದಲು ಹೋಯಿತು, ಚರ್ಮಕ್ಕೆ ಒಂದು ಗೀರೂ ಆಗಲಿಲ್ಲ.

"ನೋಡಿ, ನಮ್ಮ ಕಸುಬಲ್ಲಿ ಕೈ ನಡುಗಿದ್ರೆ ಗಿರಾಕಿ ದುಡ್ಡು ಕೊಡೋಕೆ ಇರಲ್ಲ," ಎಂದ ಕ್ಷೌರಿಕ. "ಮೂವತ್ತು ವರ್ಷದಿಂದ ನಾನು ನೋಡ್ತಿರೋದೇ ಕೈ. ಇದು ತಪ್ಪು ಮಾಡೋ ಕೈಯಲ್ಲ. ನಿಮ್ಮಲ್ಲಿ ಬೇರೇನೋ ಆಗಿದೆ, ಹುಡುಕಿಸಿ."

"ಇಲ್ಲಪ್ಪ," ಎಂದರು ಮಾವ, ಅವನನ್ನೇ ಸಮಾಧಾನ ಮಾಡುವವರಂತೆ. "ಹುಡುಕೋದೇನಿಲ್ಲ. ನಾನು ಬಿಟ್ಟ ಮೇಲೆ ಎಲ್ಲ ಸರಿಹೋಯ್ತು. ಮೊದಲು ನಂಗೂ ಅನುಮಾನ ಇತ್ತು, ನಮ್ಮ ಸೊಸೆ ಬಿಡಿಸಿ ಹೇಳಿದ್ಲು. ಅವಳು ಸುಳ್ಳು ಹೇಳೋಳಲ್ಲ."

ಎದುರಿನ ಕನ್ನಡಿಯಲ್ಲಿ ಮೂವರೂ ಕಾಣುತ್ತಿದ್ದರು. ತನ್ನ ಮುಖವನ್ನು ನೋಡಿ ಅವಳಿಗೆ ಹೇಸಿಗೆಯಾಯಿತು.

"ನಿಮ್ಮ ಕೈಯಲ್ಲ ಮಾವ," ಎಂದಳು. "ತಪ್ಪು ನಂದು. ಅಚ್ಚಿನ ಕೋಣೆಯೊಳಗೆ ನಾನೇ ನೋಡದೆ ಬೇರೆ ಸಾಮಾನು ತುಂಬಿಬಿಟ್ಟೆ. ಯಂತ್ರಾನೇ ಉಬ್ಬು ತಗ್ಗಿಸಿ ಕೊರೀತಿತ್ತು. ನಿಮ್ಮ ಕೈಗೆ ಬರೋಕೆ ಮುಂಚೇನೇ ಅದು ಒಂದೂವರೆ ಮಿಲಿಮೀಟರು ಆಗಿತ್ತು."

ಕ್ಷೌರಿಕ ಕತ್ತಿಯನ್ನು ಮಾವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿ ಒಳಗಿಟ್ಟ. ಮಾವ ಕನ್ನಡಿಯಲ್ಲೇ ಅವಳನ್ನು ನೋಡುತ್ತಿದ್ದರು.

"ಆವತ್ತು ಊಟಕ್ಕೆ ಕೂತಾಗ ಹೇಳಿದ್ದೆ ನಿಂಗೆ."

"ಹೌದು ಮಾವ."

"ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

ಇದೊಂದನ್ನು ಕೇಳದಿದ್ದರೆ ಎಂದು ಅವಳು ಬೇಡಿಕೊಂಡಿದ್ದಳು. ನಿನ್ನೆ ಎನ್ನಬಹುದಿತ್ತು. ಮೊನ್ನೆ ಎನ್ನಬಹುದಿತ್ತು. ಅವರು ನಂಬುತ್ತಿದ್ದರು.

"ಇಪ್ಪತ್ತನಾಲ್ಕು ದಿನ."

ಮಾವ ಅದನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದರೆಂದು ತೋರುತ್ತದೆ. ಬಕಲುಗಳ ಡಬ್ಬ, ಶುಕ್ರವಾರದ ಸಭೆ, ಈಗಷ್ಟೇ ಕೇಳಿಸಿಕೊಂಡ ಹೂವಿನಂಗಡಿಯ ಮಾತು, ಎಲ್ಲವೂ ಆ ಇಪ್ಪತ್ತನಾಲ್ಕರೊಳಗೇ ಬರುತ್ತಿತ್ತು. ಅವರು ಬೈಯಲಿಲ್ಲ. ತಮ್ಮ ಹೆಬ್ಬೆರಳನ್ನು ತೋರುಬೆರಳಿಗೆ ಒಂದೆರಡು ಸಲ ಉಜ್ಜಿಕೊಂಡರು.

"ಇದು ನಂಗೆ ಸರಿಯಾಗೇ ಹೇಳಿತ್ತು," ಎಂದರು. "ಮೂವತ್ತೊಂದು ವರ್ಷ ಅನ್ನ ಹಾಕಿದ್ದನ್ನ ಬಿಟ್ಟು ನಾನು ನಿನ್ನ ಮಾತು ನಂಬಿದೆ. ಅದಕ್ಕೆ ನಂಗೇ ನಾಚಿಕೆ ಆಗುತ್ತೆ."

ಕ್ಷಮಿಸಿ ಎನ್ನಲು ಅವಳು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು.

"ಮನೇಲಿ ನನ್ನ ಹತ್ರ ಅಳಬೇಡ. ಬಟ್ಟಲು ಬದಲಾಯಿಸಿದ ಫಾರಮ್ಮಲ್ಲಿ ಕಾರಣ ಅಂತ ಏನು ಬರೆದಿದ್ದೀಯೋ, ನಾಳೆ ಬೆಳಿಗ್ಗೆ ದೊಡ್ಡ ಮೇಡಂ ಮುಂದೆ, ಎಲ್ಲರೂ ಇರೋವಾಗ ಅದನ್ನ ಓದು. ಆಮೇಲೆ ನಿಜ ಏನು ಅಂತ ಹೇಳು." ಅವರು ಎದ್ದು ಕ್ಷೌರಿಕನಿಗೆ ಕೈ ಮುಗಿದರು. "ಈಗ ಗಾಡಿ ತೆಗಿ. ಬಸ್ಸಿನವರ ಮನೆಗೆ ನಡಿ."

"ಈಗಲಾ ಮಾವ?"

"ಅಲ್ಲಿ ನಾನು ನನ್ನ ಕೈ ತಪ್ಪಿತು ಅಂತ ಹೇಳಿ ಬಂದಿದೀನಿ. ಅದು ಸುಳ್ಳಾಯ್ತಲ್ಲ."

ಆರು ವರ್ಷದಲ್ಲಿ ಮೊದಲ ಸಲ ಅವರು ಅವಳ ಭುಜ ಹಿಡಿಯಲಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದು ಕುಳಿತರು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವಳು ಎಲ್ಲೋ ಕೇಳಿದ್ದಳು. ಹಗುರಾಗಲಿಲ್ಲ. ಇಲ್ಲಿಯವರೆಗೆ ಒಬ್ಬಳೇ ನೋಡುತ್ತಿದ್ದ ಮುಖವನ್ನು ಇನ್ನು ಎಲ್ಲರೂ ನೋಡುತ್ತಾರೆ, ಅಷ್ಟೇ ವ್ಯತ್ಯಾಸ ಎನಿಸಿತು.

ಎರಡನೆಯ ಮಹಡಿಯ ಬಾಗಿಲನ್ನು ತಟ್ಟಿದವಳು ಅವಳು. ಬಸ್ ಚಾಲಕ ಬಟ್ಟಲು ಬಿಚ್ಚಿಟ್ಟಿದ್ದನೆಂದು ತೋರುತ್ತದೆ, ಊರುಗೋಲು ಹಿಡಿದು ಕುಪ್ಪಳಿಸುತ್ತ ಬಂದ. "ಮತ್ತೆ ಬಂದ್ರಾ? ಬಿಟ್ಟಾಯ್ತು ಅಂದೆನಲ್ಲ ಸ್ವಾಮಿ," ಎಂದು ನಗಲು ಹೊರಟ. ಮಾವ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತರು. ಎದುರಿಗೆ ಉಳಿದವಳು ಅವಳೊಬ್ಬಳೇ.

ಮಂಗಳವಾರದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಕೋಣೆ, ಬಾಗಿಲ ಮೇಲಿನ ಹೆಸರು, ಹಳೆಯ ಆವೃತ್ತಿ, ಹೊಸ ಆವೃತ್ತಿ. ಇಷ್ಟು ವರ್ಷ ಜನರಿಗೆ ಬಿಡಿಸಿ ಬಿಡಿಸಿ ಹೇಳಿದ ಮಾತೇ ಅವು. ಇವತ್ತು ಒಂದೂ ನೆಟ್ಟಗೆ ಬರಲಿಲ್ಲ. ಅವನು ಊರುಗೋಲಿನ ಮೇಲೆ ಭಾರ ಬಿಟ್ಟು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ.

"ಅದೆಲ್ಲ ನಂಗೆ ಗೊತ್ತಾಗಲ್ಲಮ್ಮ," ಎಂದ ಕೊನೆಗೆ. "ನೋಡದೆ ಗುದ್ದಿದ್ರಿ, ಆಯ್ತು, ಅದು ಎಲ್ಲರಿಗೂ ಆಗುತ್ತೆ. ಒಂದು ಹೇಳಿ. ಮಧ್ಯಾಹ್ನ ಈ ಹಿರಿಯರು ಇಲ್ಲಿ ನಿಂತು ನನ್ನ ಹತ್ರ ಕ್ಷಮೆ ಕೇಳೋವಾಗ, ತಪ್ಪು ಅವರದ್ದಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು.

ಅವನು ಆಮೇಲೆ ಅವಳ ಕಡೆ ನೋಡಲಿಲ್ಲ. ಬಾಗಿಲಿನಾಚೆ ಕತ್ತು ಚಾಚಿ, "ಹಿರಿಯರೇ, ಒಳಗೆ ಬನ್ನಿ, ಒಂದು ಲೋಟ ನೀರಾದ್ರೂ ಕುಡಿದು ಹೋಗಿ," ಎಂದು ಮಾವನನ್ನು ಕರೆದ. ಮಾವ ಬೇಡವೆಂದು ಕೈಯಾಡಿಸಿ ಮೆಟ್ಟಿಲಿಳಿಯತೊಡಗಿದರು.

"ಹೂವಿನಂಗಡಿ ಆರಕ್ಕೆ ಮುಚ್ಚುತ್ತೆ," ಎಂದರು, ಹಿಂದಿರುಗಿ ನೋಡದೆ. "ಬೇಗ ಬಾ."